ರಾತ್ರಿ ಎಷ್ಟು ಹೊತ್ತಿಗೆ ಕೆಮ್ಮುತ್ತಾನೆ?

ನಮ್ಮದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಕಳೆದ ಮಳೆಗಾಲ, ಜುಲೈ ಮೊದಲ ವಾರ ಅವನಿಗೆ ಶೀತ ಆಯಿತು. ಎರಡು ದಿನ ಜ್ವರ, ಆಮೇಲೆ ಮೂಗು ಸೋರಿತು, ಆಮೇಲೆ ಕೆಮ್ಮು. ಇದು ನಮ್ಮಲ್ಲಿ ಪ್ರತಿ ವರ್ಷದ ಕತೆ. ಜ್ವರ ಹೋಯಿತು, ಮೂಗು ಸರಿಯಾಯಿತು. ಕೆಮ್ಮು ಮಾತ್ರ ಆಗಸ್ಟ್ ಬಂದರೂ ಹೋಗಲಿಲ್ಲ.

ಮೊದಲ ಮೂರು ವಾರ ಗೊತ್ತಿದ್ದದ್ದೆಲ್ಲ ಮಾಡಿದೆ. ಕಾಳುಮೆಣಸು, ಜೀರಿಗೆ, ಶುಂಠಿ, ಬೆಲ್ಲ ಹಾಕಿ ಕಷಾಯ. ದೊಡ್ಡಪತ್ರೆ ಎಲೆ ಬಾಡಿಸಿ ಹಿಂಡಿದ ರಸ. ಮಲಗುವಾಗ ಒಂದು ಚಮಚ ಜೇನುತುಪ್ಪ. ಬಿಸಿ ಬಿಸಿ ಮೆಣಸಿನ ಸಾರು, ಗಂಜಿ. ಇದರಲ್ಲಿ ಜೇನುತುಪ್ಪ ನಿಜವಾಗಿ ಸಹಾಯ ಮಾಡಿತು, ಕುಡಿದ ಮೇಲೆ ಸ್ವಲ್ಪ ಹೊತ್ತು ಗಂಟಲು ಸುಮ್ಮನಿರುತ್ತಿತ್ತು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನುತುಪ್ಪ ನೆಕ್ಕಿಸಲೇಬಾರದು, ಮನೆಯಲ್ಲಿ ಚಿಕ್ಕ ಕೂಸಿದ್ದರೆ ಇದು ನೆನಪಿರಲಿ.

ತಪ್ಪುಗಳನ್ನೂ ಮಾಡಿದೆ. ಹಿಂದಿನ ವರ್ಷ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಯನ್ನು ಯಾರನ್ನೂ ಕೇಳದೆ ಎರಡು ದಿನ ಕೊಟ್ಟೆ. ವೈರಸ್‌ನಿಂದ ಬಂದ ಶೀತಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ ಅಂತ ಆಮೇಲೆ ಡಾಕ್ಟರ್ ತಿಳಿಸಿ ಹೇಳಿದರು. ಇನ್ನೊಂದು ದಿನ ಹಾಸಿಗೆಯ ಮೇಲೆ ಕೂರಿಸಿ ಪಾತ್ರೆಯಲ್ಲಿ ಬಿಸಿನೀರಿನ ಹಬೆ ಕೊಡುತ್ತಿದ್ದೆ. ಅವನಿಗೆ ಕೆಮ್ಮು ಬಂತು, ಮೊಣಕಾಲು ತಾಗಿ ಪಾತ್ರೆ ಮಗುಚಿತು. ನೀರು ಅವನ ತೊಡೆಗೆ ಒಂದು ಗೇಣು ದೂರದಲ್ಲಿ ಚೆಲ್ಲಿತು. ಅವತ್ತೇ ಹಬೆ ನಿಲ್ಲಿಸಿದೆ. ಆ ಚಾದರ ತೊಳೆಯುವಾಗಲೂ ನನ್ನ ಕೈ ನಡುಗುತ್ತಿತ್ತು.

ನಾಲ್ಕು ವಾರ ದಾಟಿದ ಮೇಲೆ ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಶೀತದ ನಂತರದ ಕೆಮ್ಮು ಎರಡು ಮೂರು ವಾರ ಇರುವುದು ಸಾಮಾನ್ಯವಂತೆ. ನಾಲ್ಕು ವಾರ ದಾಟಿದರೆ ಕಾರಣ ಹುಡುಕಬೇಕಂತೆ. ತೂಕ ನೋಡಿದರು, ಕಮ್ಮಿಯಾಗಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಟಿಬಿ ಇದೆಯಾ ಅಂತ ಕೇಳಿದರು. ಎದೆಯ ಎಕ್ಸ್‌ರೇ ತೆಗೆಸಿದರು, ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಕೇಳಿದರು: "ರಾತ್ರಿ ಎಷ್ಟು ಹೊತ್ತಿಗೆ ಕೆಮ್ಮುತ್ತಾನೆ? ಆಡುವಾಗ ಬರ್ತದಾ? ಮನೆ ಬಿಟ್ಟು ಬೇರೆ ಕಡೆ ಮಲಗಿದಾಗ?"

ಒಂದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ತಿಂಗಳಿಂದ ಪಕ್ಕದಲ್ಲೇ ಮಲಗಿದ್ದೇನೆ, ಆದರೂ "ತುಂಬಾ ಕೆಮ್ಮುತ್ತಾನೆ" ಅನ್ನುವುದಷ್ಟೇ ಗೊತ್ತು. ತುಂಬಾ ನೋವಾಯಿತು. ಹತ್ತು ದಿನ ಬರೆದಿಟ್ಟುಕೊಂಡು ಬನ್ನಿ ಅಂದರು.

ಅವನದೇ ಹಳೇ ನೋಟ್‌ಬುಕ್‌ನ ಉಳಿದ ಹಾಳೆಗಳಲ್ಲಿ ಬರೆದೆ. ದಿಂಬಿನ ಪಕ್ಕ ಪೆನ್ನು, ಮೊಬೈಲ್ ಬೆಳಕು. ಹೀಗಿತ್ತು: "ರಾತ್ರಿ 2.10. ಒಣ ಕೆಮ್ಮು, ಎದ್ದು ಕೂತ." "ಬೆಳಿಗ್ಗೆ 6. ಬಚ್ಚಲ ಒಲೆ ಹಚ್ಚಿದಾಗ." "ಶಾಲೆಯಲ್ಲಿ ಕಮ್ಮಿ. ಕಬಡ್ಡಿ ಆಡಿದ ಮೇಲೆ ಬಂತು ಅಂತ ಮೇಡಂ ಹೇಳಿದರು." "ಶನಿವಾರ, ಭಾನುವಾರ ಶಿವಮೊಗ್ಗ, ಅಜ್ಜಿ ಮನೆ. ರಾತ್ರಿ ಒಂದೇ ಸಲ." ಸೋಮವಾರ ನಮ್ಮ ಮನೆಯಲ್ಲಿ ಮತ್ತೆ 2 ಗಂಟೆಗೆ, 3 ಗಂಟೆಗೆ, 4.30ಕ್ಕೆ.

ಆ ಸೋಮವಾರದ ಹಾಳೆ ನೋಡಿದ ಮೇಲೆ ಮನೆಯನ್ನೇ ಹುಡುಕಲು ಶುರು ಮಾಡಿದೆ. ಅವನ ಮಂಚ ಗೋಡೆಗೆ ಒತ್ತಿಕೊಂಡಿತ್ತು. ಎಳೆದು ನೋಡಿದರೆ ಸರಿಯಾಗಿ ದಿಂಬಿನ ಎತ್ತರಕ್ಕೆ ಗೋಡೆ ತುಂಬ ಬೂಷ್ಟು. ನಡುವೆ ಕಪ್ಪು, ಅಂಚಿಗೆ ಹಸಿರು, ಬೆರಳು ತಾಗಿಸಿದರೆ ಪುಡಿ. ಮಳೆಗಾಲದ ಮನೆ ವಾಸನೆ ಅಂದುಕೊಂಡು ನಾವು ಸುಮ್ಮನಿದ್ದದ್ದು ಇದೇ ವಾಸನೆ. ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರಡುತ್ತಿದ್ದೆ, ಯೂನಿಫಾರ್ಮು, ಸಾಕ್ಸು ಎಲ್ಲ. ಸಂಜೆ ಸೊಳ್ಳೆ ಬತ್ತಿ ಬೇರೆ.

ಡಾಕ್ಟರ್ ಪುಸ್ತಕವನ್ನು ಪೂರ್ತಿ ಓದಿದರು. ಊದಿಸಿ ಉಸಿರಿನ ಪರೀಕ್ಷೆ ಮಾಡಿದರು. ಅಲರ್ಜಿಯಿಂದ ಉಸಿರಿನ ನಳಿಕೆ ಬಿಗಿಯಾಗುವ ಕೆಮ್ಮು ಇದು, ಅಸ್ತಮಾದ ಜಾತಿಯದೇ, ಶೀತ ಬಂದು ಕೆರಳಿಸಿದೆ ಅಂದರು. ಸಿರಪ್ ಬಿಡಿಸಿ, ಸ್ಪೇಸರ್ (ಇನ್‌ಹೇಲರಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಇಟ್ಟು ತೆಗೆದುಕೊಳ್ಳುವ ಇನ್‌ಹೇಲರ್ ಬರೆದರು.

ಅತ್ತೆಯವರಿಗೆ ಇದು ಇಷ್ಟವಾಗಲಿಲ್ಲ. "ಪಂಪ್ ಒಂದ್ಸಲ ಹಿಡಿದ್ರೆ ಬಿಡೂದಿಲ್ಲ ಮಾರಾಯ್ತಿ, ಸಣ್ಣ ಹುಡುಗ" ಅಂದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು, ನನಗೂ ಅದೇ ಹೆದರಿಕೆ ಇತ್ತು. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋದೆ. ಔಷಧಿ ನೇರ ಎದೆಗೇ ಹೋಗುವುದರಿಂದ ಬಾಯಿಂದ ಕುಡಿಯುವ ಔಷಧಿಗಿಂತ ತುಂಬಾ ಕಮ್ಮಿ ಪ್ರಮಾಣ ಸಾಕು, ಚಟ ಆಗುವುದಿಲ್ಲ ಅಂತ ಡಾಕ್ಟರ್ ಅವರಿಗೇ ಹೇಳಿದರು. ಈಗ ಸಂಜೆ ಏಳಕ್ಕೆ ಅತ್ತೆಯವರೇ ಅವನನ್ನು ಕೂಗಿ ಕರೆಯುತ್ತಾರೆ.

ತೆಗೆದುಕೊಳ್ಳುವ ಕ್ರಮ ಸರಿಯಿಲ್ಲದಿದ್ದರೆ ಔಷಧಿ ದಂಡ. ಮೊದಲು ಇನ್‌ಹೇಲರ್ ಚೆನ್ನಾಗಿ ಅಲ್ಲಾಡಿಸಬೇಕು. ಸ್ಪೇಸರಿಗೆ ಸಿಕ್ಕಿಸಿ, ತುಟಿ ಬಿಗಿಯಾಗಿ ಮುಚ್ಚಿ, ಒಂದು ಸಲ ಒತ್ತಿ, ನಿಧಾನವಾಗಿ ಐದಾರು ಉಸಿರು. ಎರಡು ಸಲ ಹೇಳಿದ್ದರೆ ಮತ್ತೆ ಅಲ್ಲಾಡಿಸಿ ಎರಡನೆಯದು. ಒಟ್ಟಿಗೇ ಎರಡು ಸಲ ಒತ್ತಬಾರದು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಸ್ಟೀರಾಯ್ಡ್ ಇರುವ ಔಷಧಿ ಆದ್ದರಿಂದ ಬಾಯಲ್ಲಿ ಫಂಗಸ್‌ನ ಬಿಳಿ ಪದರ ಕಟ್ಟಬಾರದು ಅಂತ. ಮೊದಲ ವಾರ ನಾನು ಬಾಯಿ ಮುಕ್ಕಳಿಸಲು ಹೇಳುವುದನ್ನೇ ಮರೆಯುತ್ತಿದ್ದೆ. ಹಲ್ಲುಜ್ಜುವ ಮುಂಚೆ ಅಂತ ಹೊತ್ತು ಇಟ್ಟುಕೊಂಡ ಮೇಲೆ ತಪ್ಪಲಿಲ್ಲ.

ಮನೆಯಲ್ಲಿ ಮಂಚವನ್ನು ಕೋಣೆಯ ನಡುವಿಗೆ ಎಳೆದೆವು. ಅವನು ಶಾಲೆಗೆ ಹೋದಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯನ್ನು ಸೋಪು ನೀರಲ್ಲಿ ಉಜ್ಜಿದೆ, ಎರಡು ದಿನ ಫ್ಯಾನ್ ಹಾಕಿ ಒಣಗಿಸಿದೆ. ಬಟ್ಟೆ ಒಣಗುವ ಜಾಗ ಜಗಲಿಗೆ ಬಂತು. ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿದೆವು. ಬಚ್ಚಲ ಒಲೆಗೆ ನಾವು ಅಡಕೆ ಸಿಪ್ಪೆ ಹಾಕುತ್ತೇವೆ, ಹಸಿಯಾದರೆ ಮನೆಯೆಲ್ಲ ಹೊಗೆ. ಅವನ ಸ್ನಾನಕ್ಕೆ ಗ್ಯಾಸಿನ ಮೇಲೆ ನೀರು, ಅವನು ಬಸ್ ಹತ್ತಿದ ಮೇಲೆ ಒಲೆ.

ಎರಡು ವಾರಕ್ಕೆ ರಾತ್ರಿ ಕೆಮ್ಮು ಅರ್ಧಕ್ಕೆ ಇಳಿಯಿತು. ಪ್ರತಿಭಾ ಕಾರಂಜಿಯ ಕಂಠಪಾಠಕ್ಕೆ ಹೆಸರು ಕೊಟ್ಟಿದ್ದ. ನಡುವೆ ಕೆಮ್ಮು ಬರುತ್ತೆ ಅಂತ ಹೆದರಿ ಬೇಡ ಅಂದಿದ್ದವನು, ಕೊನೆಗೆ ಹೋಗಿ ಒಂದೇ ಉಸಿರಿಗೆ ಹೇಳಿ ಬಂದ. ಬಹುಮಾನ ಬರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ.

ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋದರೆ, ಮಾತು ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ ರಾತ್ರಿಯೇ ಹೊರಡಬೇಕು ಅಂತ ಡಾಕ್ಟರ್ ಹೇಳಿದ್ದನ್ನು ಪುಸ್ತಕದ ಮೊದಲ ಹಾಳೆಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಕೆಳಗೆ ನಮ್ಮೂರ ಆಟೋದವರ ನಂಬರು, 108.

ಡಿಸೆಂಬರ್‌ನಲ್ಲಿ ತೋರಿಸಿದಾಗ ಡಾಕ್ಟರ್ ಔಷಧಿ ಕಮ್ಮಿ ಮಾಡಿದರು. ನಾವಾಗಿಯೇ ನಿಲ್ಲಿಸುವಂತಿಲ್ಲ. ಮಳೆ ಹಿಡಿಯುವ ಮೊದಲು, ಮೇ ಕೊನೆಗೆ ಮತ್ತೆ ಬರಲು ಹೇಳಿದ್ದಾರೆ, ಫ್ಲೂ ಲಸಿಕೆಯೂ ಆಗಲೇ. ಅಷ್ಟರಲ್ಲಿ ಆ ಗೋಡೆಗೆ ಹೊರಗಿನಿಂದ ಗಾರೆ ಹಾಕಿಸಬೇಕು, ಮೇಸ್ತ್ರಿಗೆ ಹೇಳಿಟ್ಟಿದ್ದೇವೆ.