ಪೀಸ್ ರೇಟ್ ಕೂಲೀನ ಟ್ಯಾಲೀಲಿ ಹಾಕೋದು: ಮೊದ್ಲು ಕಾಯಿ ಲೆಕ್ಕ, ಆಮೇಲೆ ಕೀಬೋರ್ಡು

ನಾನು ತುಮಕೂರಲ್ಲಿ ಅಕೌಂಟ್ಸ್ ಬರೀತೀನಿ, ತಿಪಟೂರು ಕಡೆ ಒಂದು ತೆಂಗಿನಕಾಯಿ ಪುಡಿ ಫ್ಯಾಕ್ಟರಿ ಪೇರೋಲೂ, ಅಂದ್ರೆ ಸಂಬಳದ ಲೆಕ್ಕನೂ ನಂದೇ. ಅಲ್ಲಿ ಆಫೀಸಲ್ಲಿರೋರಿಗೆ ತಿಂಗಳ ಸಂಬಳ, ಆದ್ರೆ ಚಿಪ್ಪು ತೆಗೆಯೋರು, ಸಿಪ್ಪೆ ಹೆರೆಯೋರಿಗೆ ಎಷ್ಟು ಕಾಯಿ ಆಯ್ತೋ ಅಷ್ಟಕ್ಕೆ ದುಡ್ಡು, ಸಾವಿರಕ್ಕಿಷ್ಟು ಅಂತ, ಇದೇ ಪೀಸ್ ರೇಟು. ಮೊದ್ಲು ಮೇಸ್ತ್ರಿ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದು ಕೊಡೋರು, ನಾನು ಎಕ್ಸೆಲ್ಲಲ್ಲಿ ಗುಣಿಸಿ ಬರೀ ಟೋಟಲ್ ಮಾತ್ರ ಟ್ಯಾಲಿಗೆ (ಅಕೌಂಟ್ಸ್ ಬರೆಯೋ ಸಾಫ್ಟ್‌ವೇರು) ಹಾಕ್ತಿದ್ದೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸದೋರ ಆರೋಗ್ಯ ವಿಮೆ) ಬಂದ್ಮೇಲೆ ಒಬ್ಬೊಬ್ರ ಲೆಕ್ಕನೂ ಬೇಕಾಯ್ತು, ಅದು ನಡೀಲಿಲ್ಲ. ಟ್ಯಾಲಿ ಪ್ರೈಮಲ್ಲಿ ಇದಕ್ಕೆ ವ್ಯವಸ್ಥೆ ಮೊದ್ಲಿಂದ್ಲೂ ಇದೆ, ಸುಮಾರು ಜನ ಅದನ್ನ ತೆಗೆದೇ ನೋಡಿರಲ್ಲ ಅಷ್ಟೆ.

ಟ್ಯಾಲಿ ಓಪನ್ ಮಾಡೋಕ್ ಮುಂಚೆ ಒಂದು ಪೇಪರ್ ತಗೊಂಡು ಮೇಸ್ತ್ರಿ ಪಕ್ಕ ಕೂತ್ಕೊಳ್ಳಿ. ಒಂದು ಪೀಸ್ ಅಂದ್ರೆ ಏನು ಅಂತ ಕೇಳಿ. ಚಿಪ್ಪು ತೆಗೀವಾಗ ಒಡೆದು ಚೂರಾದ ಕಾಯಿ ಲೆಕ್ಕಕ್ಕೆ ಬರುತ್ತಾ, ಕೊಳೆತಿದ್ದು ಬಂದ್ರೆ ಯಾರ ತಲೆಗೆ, ಎಣಿಸೋದು ಯಾರು, ಬೆಳಿಗ್ಗೆನಾ ಸಂಜೆನಾ. ಇದು ತೀರ್ಮಾನ ಆಗ್ದೆ ಸಾಫ್ಟ್‌ವೇರ್‌ಗೆ ಕೈ ಹಾಕಿದ್ರೆ ಪ್ರತಿ ಶನಿವಾರ ಬಟವಾಡೆ ದಿನ ನಿಮ್ಮ ಟೇಬಲ್ ಮುಂದೇನೇ ಜಗಳ, ಯಾಕಂದ್ರೆ ಟ್ಯಾಲಿ ಗುಣಾಕಾರ ಮಾಡುತ್ತೆ ಹೊರತು ಕಾಯಿ ಎಣಿಸಲ್ಲ.

ಇನ್ನೊಂದು ವಿಷ್ಯ, ಜೋಡಿ ಕೆಲಸ. ಗಂಡ ಹೆಂಡ್ತಿ ಅಥ್ವಾ ತಾಯಿ ಮಗ ಒಟ್ಟಿಗೆ ಕೂತು ಮಾಡ್ತಾರೆ, ಮೇಸ್ತ್ರಿ ಎಲ್ಲಾ ಒಬ್ಬರ ಹೆಸರಿಗೇ ಬರೀತಾರೆ. ಒಂದ್ಸಲ ಹಂಗೇ ಸ್ಲಿಪ್ ಹಂಚ್ತಿರುವಾಗ ಒಬ್ಬ ಹೆಂಗಸು ಬಂದು, "ಅಣ್ಣ, ನನ್ ಹೆಸ್ರೇ ಇಲ್ವಲ್ಲ ಇದ್ರಲ್ಲಿ, ನಾನೇನ್ ಕಾಯಿ ಮುಟ್ಟೇ ಇಲ್ವಾ" ಅಂದ್ರು. ಅವ್ರು ಸುಲಿದಿದ್ದೆಲ್ಲ ಮಗನ ಖಾತೆಲಿತ್ತು. ದುಡ್ಡು ಮನೆಗೇ ಹೋಯ್ತು ನಿಜ, ಆದ್ರೆ ಆಯಮ್ಮಂಗೆ ಪಿಎಫೂ ಇಲ್ಲ, ಇಎಸ್‌ಐನೂ ಇಲ್ಲ, ಹುಷಾರಿಲ್ದೇ ಇದ್ರೆ ಕಾರ್ಡೂ ಇಲ್ಲ. ಇಬ್ರು ಕೂತಿದ್ರೆ ಇಬ್ರ ಹೆಸರಲ್ಲೂ ಬರೀಬೇಕು, ಇದ್ರಲ್ಲಿ ಮಾತ್ರ ಮೇಸ್ತ್ರಿ ಮುಖ ನೋಡ್ಬೇಡಿ.

ಸರಿ, ಈಗ ಟ್ಯಾಲಿ. ಎಫ್11 ಒತ್ತಿ ಮೇಂಟೇನ್ ಪೇರೋಲ್ ಯೆಸ್ ಮಾಡಿ, ಅದರ ಜೊತೆಗೆ ಪೇರೋಲ್ ಸ್ಟ್ಯಾಚುಟರಿನೂ ಯೆಸ್. ಆಮೇಲೆ ಕ್ರಿಯೇಟ್‌ಗೆ ಹೋದ್ರೆ ಪೇರೋಲ್ ಮಾಸ್ಟರ್ಸ್ ಎಲ್ಲಾ ಕಾಣುತ್ತೆ. ಎಂಪ್ಲಾಯಿ ಗ್ರೂಪ್ ಎರಡು ಮಾಡ್ಕೊಳ್ಳಿ, ಚಿಪ್ಪು ಅಂತ ಒಂದು, ಹೆರೆಯೋದು ಅಂತ ಒಂದು, ಅವರವರ ಗ್ರೂಪ್ ಕೆಳಗೆ ಜನರ ಹೆಸರು, ಯುಎಎನ್ (ಪಿಎಫ್‌ದು) ನಂಬರು, ಇಎಸ್‌ಐ ನಂಬರು.

ಮುಂದೆ ಯೂನಿಟ್, ನಾನು ಎಡವಿದ್ದು ಇಲ್ಲೇ. ನಾನು ಯೂನಿಟ್ ಕಾಯಿ ಅಂತ ಮಾಡಿ ರೇಟಲ್ಲಿ 650 ಹಾಕಿದ್ದೆ, ಸಾವಿರಕ್ಕೆ 650 ಅನ್ನೋ ಲೆಕ್ಕ ತಲೇಲಿ ಇಟ್ಕೊಂಡು. ಒಬ್ಬ ಹುಡುಗಂದು ತಿಂಗಳಿಗೆ 21,400 ಕಾಯಿ ಆಗಿತ್ತು, ಸಂಬಳ ಬಂತು ನೋಡಿ ಒಂದು ಕೋಟಿ ಮೂವತ್ತೊಂಬತ್ತು ಲಕ್ಷದ ಹತ್ತು ಸಾವಿರ! ಫ್ಯಾಕ್ಟರಿ ಮಾರಿದ್ರೂ ಬಟವಾಡೆ ಆಗ್ತಿರ್ಲಿಲ್ಲ. ಅದಕ್ಕೇ ಯೂನಿಟ್ಟೇ ಸಾವಿರ ಅಂತ ಮಾಡಿ, ಡೆಸಿಮಲ್ ಪ್ಲೇಸಸ್ 3 ಕೊಡಿ. ಆಗ 850 ಕಾಯಿ ಅಂದ್ರೆ 0.850 ಅಂತ ಎಂಟ್ರಿ, 0.850 ಇಂಟು 650 ಅಂದ್ರೆ 552 ರೂಪಾಯಿ 50 ಪೈಸೆ. ಡೆಸಿಮಲ್ ಸೊನ್ನೆ ಬಿಟ್ರೆ 0.850 ಟೈಪ್ ಮಾಡಕ್ಕೇ ಆಗಲ್ಲ. ಮೇಸ್ತ್ರಿ ಬುಕ್ಕಲ್ಲೂ ಇದೇ ತರ ಬರೆಸಿದ್ರೆ ತಪ್ಪು ಕಮ್ಮಿ, ಆದ್ರೆ ಅವ್ರು ಒಪ್ಪಲ್ಲ, ನೀವೇ ಪಾಯಿಂಟ್ ಹಾಕ್ಕೊಳ್ಳಿ.

ಅಟೆಂಡೆನ್ಸ್ ಆರ್ ಪ್ರೊಡಕ್ಷನ್ ಟೈಪಲ್ಲಿ ಮೂರು ಬೇಕು. ಒಂದು ಹಾಜರಿ, ಇದು ಅಟೆಂಡೆನ್ಸ್ ಟೈಪು, ಪೀಸ್ ರೇಟ್ ಆದ್ರೂ ಎಷ್ಟು ದಿನ ಬಂದ್ರು ಅನ್ನೋದು ಬೇಕೇ ಬೇಕು. ಇನ್ನೆರಡು ಪ್ರೊಡಕ್ಷನ್ ಟೈಪು, ಚಿಪ್ಪು ಕಾಯಿ, ಹೆರೆದ ಕಾಯಿ, ಎರಡಕ್ಕೂ ಯೂನಿಟ್ ಸಾವಿರ. ಇದಾದ್ಮೇಲೆ ಪೇ ಹೆಡ್, ಅಂದ್ರೆ ಸಂಬಳದ ಒಂದೊಂದು ಬಾಬ್ತು: ಅರ್ನಿಂಗ್ಸ್ ಫಾರ್ ಎಂಪ್ಲಾಯೀಸ್, ಇನ್‌ಕಮ್ ಟೈಪ್ ವೇರಿಯಬಲ್, ಡೈರೆಕ್ಟ್ ಎಕ್ಸ್‌ಪೆನ್ಸಸ್ ಕೆಳಗೆ, ಕ್ಯಾಲ್ಕುಲೇಷನ್ ಟೈಪ್ ಆನ್ ಪ್ರೊಡಕ್ಷನ್, ಕೆಳಗೆ ಕೇಳೋ ಪ್ರೊಡಕ್ಷನ್ ಟೈಪಲ್ಲಿ ಚಿಪ್ಪು ಕಾಯಿ. ಹೆರೆಯೋದಕ್ಕೆ ಬೇರೆ ಪೇ ಹೆಡ್. ಎರಡನ್ನೂ ಒಂದ್ರಲ್ಲೇ ತುರುಕ್ಬೇಡಿ, ರೇಟು ಬೇರೆ ಬೇರೆ ಇರುತ್ತೆ.

ರೇಟ್ ಹಾಕೋದು ಸ್ಯಾಲರಿ ಡೀಟೇಲ್ಸಲ್ಲಿ. ಒಬ್ಬೊಬ್ರಿಗೂ ಹಾಕ್ತಾ ಕೂರ್ಬೇಡಿ, ಗ್ರೂಪಿಗೆ ಹಾಕಿ, ಎಂಪ್ಲಾಯಿ ಹತ್ರ ಬಂದಾಗ ಕಾಪಿ ಫ್ರಮ್ ಪೇರೆಂಟ್ ವ್ಯಾಲ್ಯೂ ಕೊಟ್ರೆ ಆಯ್ತು. ರೇಟ್ ಜಾಸ್ತಿ ಆದಾಗ ಹಳೇ ಸಾಲು ತಿದ್ದಬೇಡಿ, ಹೊಸ ಎಫೆಕ್ಟಿವ್ ಫ್ರಮ್ ತಾರೀಖು ಹಾಕಿ ಹೊಸ ಸಾಲು ಮಾಡಿ. ತಿದ್ದಿದ್ರೆ ಹಳೇ ತಿಂಗಳ ಲೆಕ್ಕ ಮತ್ತೆ ತೆಗೆದಾಗ ಹೊಸ ರೇಟೇ ಬಂದು ಕೂರುತ್ತೆ, ಇನ್ಸ್‌ಪೆಕ್ಷನ್ ಟೈಮಲ್ಲಿ ಬೆವರು ಇಳಿಯುತ್ತೆ. ಆದಷ್ಟೂ 1ನೇ ತಾರೀಖಿಂದ್ಲೇ ಬದಲಾಯ್ಸಿ.

ಈಗ ಮಾಲೀಕರಿಗೆ ಇಷ್ಟ ಆಗ್ದೇ ಇರೋ ವಿಷ್ಯ, ಮಿನಿಮಮ್ ವೇಜು, ಅಂದ್ರೆ ಕನಿಷ್ಠ ಕೂಲಿ. ಪೀಸ್ ರೇಟ್ ಅಂದ ತಕ್ಷಣ ಕಮ್ಮಿ ಕೊಡಬಹುದು ಅಂತಲ್ಲ, ಆ ಕೆಲ್ಸಕ್ಕೆ ಸರ್ಕಾರ ದಿನದ ಲೆಕ್ಕದಲ್ಲಿ ಮಾತ್ರ ಕೂಲಿ ನಿಗದಿ ಮಾಡಿದ್ರೆ ಪೀಸ್ ಲೆಕ್ಕದ ದುಡ್ಡು ಅದಕ್ಕಿಂತ ಕೆಳಗೆ ಹೋಗಂಗಿಲ್ಲ. 1948ರ ಕಾಯ್ದೆಲೂ ಇದಿತ್ತು, 2019ರ ವೇತನ ಸಂಹಿತೆಲೂ ಇದೆ. ಕಾಯಿ ಲೋಡ್ ಬಂದಿಲ್ಲ, ಕರೆಂಟಿಲ್ಲ ಅಂತ ಕೂರಿಸಿದ್ರೂ ಅದು ಕೆಲಸದೋರ ತಪ್ಪಲ್ಲ, ದಿನದ ಕೂಲಿ ಕೊಡ್ಬೇಕು. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತೆ, ಆವಾಗೆಲ್ಲ ಪೀಸ್ ರೇಟೂ ಮತ್ತೆ ನೋಡ್ಕೋಬೇಕು.

ಇದನ್ನ ಟ್ಯಾಲೀಲಿ ಹೆಂಗ್ ಮಾಡೋದು? ನಾನು ಒಂದು ಉಪಾಯ ಮಾಡ್ಕೊಂಡಿದೀನಿ. ರೂಪಾಯಿ ಅಂತ ಇನ್ನೊಂದು ಯೂನಿಟ್ಟು, ಡಿಫರೆನ್ಸ್ ಅಂತ ಇನ್ನೊಂದು ಪ್ರೊಡಕ್ಷನ್ ಟೈಪು, ಅದಕ್ಕೊಂದು ಪೇ ಹೆಡ್ಡು, ರೇಟ್ 1. ಉದಾಹರಣೆಗೆ ನಿಮ್ಮ ಲೆಕ್ಕದ ಕನಿಷ್ಠ ಕೂಲಿ ದಿನಕ್ಕೆ 560 ಅಂದ್ಕೊಳ್ಳಿ, 25 ದಿನ ಹಾಜರಿ, 14,000 ಆಯ್ತು. ಆ ಹುಡುಗನ 21.400 ಸಾವಿರ ಕಾಯಿಗೆ 650ರಂತೆ 13,910. 90 ರೂಪಾಯಿ ಕಮ್ಮಿ. ಡಿಫರೆನ್ಸಲ್ಲಿ 90 ಅಂತ ಪ್ರೊಡಕ್ಷನ್ ಹಾಕಿದ್ರೆ ಮುಗೀತು, ಸಂಬಳ 14,000 ಸರಿಯಾಗಿ ಬರುತ್ತೆ, ಪಿಎಫೂ ಇಎಸ್‌ಐನೂ ಅದರ ಮೇಲೇ ಬರುತ್ತೆ. ಬರೋದು ಯಾವಾಗ ಅಂದ್ರೆ ಪಿಎಫ್ ಮತ್ತೆ ಇಎಸ್‌ಐ ಪೇ ಹೆಡ್ಡಿನ ಫಾರ್ಮುಲಾದಲ್ಲಿ ಈ ಮೂರೂ ಕೂಲಿ ಪೇ ಹೆಡ್ ಸೇರಿಸಿದ್ರೆ ಮಾತ್ರ. ಸುಮಾರು ಕಡೆ ಫಾರ್ಮುಲಾದಲ್ಲಿ ಬರೀ ಬೇಸಿಕ್ (ಮೂಲ ಸಂಬಳ) ಇರುತ್ತೆ, ಪೀಸ್ ರೇಟೋರಿಗೆ ಬೇಸಿಕ್ಕೇ ಇಲ್ಲ, ಪಿಎಫ್ ಸೊನ್ನೆ ಅಂತ ತೋರಿಸುತ್ತೆ, ಯಾರೂ ನೋಡಿರಲ್ಲ. 14,000ಕ್ಕೆ ಪಿಎಫ್ ಶೇಕಡ 12 ಅಂದ್ರೆ 1,680, ಇಎಸ್‌ಐ ಕೆಲಸದೋರ ಕಡೆಯಿಂದ ಶೇಕಡ 0.75 ಅಂದ್ರೆ 105, ಮಾಲೀಕರದ್ದು ಶೇಕಡ 3.25. ಸೀಸನಲ್ಲಿ ಕೆಲವ್ರು ಇಎಸ್‌ಐನ ತಿಂಗಳ ಸಂಬಳದ ಮಿತಿ 21,000 ದಾಟ್ತಾರೆ, ದಾಟಿದ ತಕ್ಷಣ ಇಎಸ್‌ಐ ನಿಲ್ಲಿಸ್ಬೇಡಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಆ ಆರು ತಿಂಗಳು ಮುಗಿಯೋವರೆಗೂ ಕಟ್ಟಬೇಕು.

ಉಳಿದಿದ್ದು ಸುಲಭ. ಎಫ್10 ಒತ್ತಿ ಅಟೆಂಡೆನ್ಸ್ ವೋಚರ್ ತಗೊಂಡು ಹಾಜರಿ, ಕಾಯಿ ಎಲ್ಲಾ ಹಾಕಿ, ನಾನು ದಿನಾ ಹಾಕ್ತೀನಿ, ತಿಂಗಳ ಕೊನೇಲಿ ಒಟ್ಟಿಗೆ ಹಾಕಿದ್ರೆ ಯಾವ ದಿನ ತಪ್ಪಾಯ್ತು ಅಂತ ಹುಡ್ಕೋಕಾಗಲ್ಲ. ಆಮೇಲೆ ಪೇರೋಲ್ ವೋಚರಲ್ಲಿ ಆಟೋಫಿಲ್, ಫ್ರಮ್ ಟು ತಾರೀಖು ಕೊಟ್ರೆ ಲೆಕ್ಕ ತಾನೇ ಬರುತ್ತೆ. ವಾರದ ಬಟವಾಡೆ ಇದ್ರೆ ವಾರದ ತಾರೀಖೇ ಕೊಡಿ.

ಪೇಸ್ಲಿಪ್ಪಲ್ಲಿ ಪ್ರೊಡಕ್ಷನ್ ವಿವರ ಬರೋ ಹಂಗೆ ಎಫ್12ರಲ್ಲಿ ಆನ್ ಮಾಡ್ಕೊಳ್ಳಿ, ಪೇ ಹೆಡ್ಡಿಗೆ ಸ್ಲಿಪ್ಪಲ್ಲಿ ಕಾಣೋ ಹೆಸರನ್ನ ಕನ್ನಡದಲ್ಲೇ ಕೊಡಿ, ಚಿಪ್ಪು ಕೂಲಿ, ಹೆರೆಯೋ ಕೂಲಿ ಅಂತ. ನಮ್ಮಲ್ಲಿ ಈಗ ಶನಿವಾರ ಸ್ಲಿಪ್ ಕೈಗೆ ಬಂದ ತಕ್ಷಣ ಅವ್ರು ಮೊದ್ಲು ನೋಡೋದು ದುಡ್ಡಲ್ಲ, ಕಾಯಿ ಎಷ್ಟು ಬರ್ದಿದಾರೆ ಅಂತ.