ಕಿಲ್ಟನ್ನು ಕೈಯಲ್ಲೇ ಹೊಲಿಯುವ ಬಗೆ

ಅಕ್ಕನ ಮಗ ಬ್ಯಾಗ್‌ಪೈಪ್ ನುಡಿಸುವ ತಂಡಕ್ಕೆ ಸೇರಿದ ವರ್ಷ, ಅವನಿಗೊಂದು ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಹಿಂದೆ ನಿರಿಗೆಯಿರುವ ಮಂಡಿಯುದ್ದದ ಉಡುಪು) ಹೊಲಿದುಕೊಡಲು ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಬಟ್ಟೆ ಹರಡಿಕೊಂಡು ಕುಳಿತೆ. ಸೀರೆಗೆ ಫಾಲ್ ಹಚ್ಚುವುದು, ರವಿಕೆಗೆ ಹೆಮ್ಮಿಂಗ್ ಮಾಡುವುದು ಬಿಟ್ಟರೆ ಆಗ ನನಗೆ ಬೇರೆ ಹೊಲಿಗೆ ಬರುತ್ತಿರಲಿಲ್ಲ. ಎರಡು ಕಿಲ್ಟ್ ಮುಗಿಸಿದ ಅನುಭವದಿಂದ ಹೇಳುವುದಾದರೆ, ಅಷ್ಟು ಹೊಲಿಗೆ ಬಂದರೆ ಸಾಕು; ಆದರೆ ಸೂಜಿಗೆ ದಾರ ಪೋಣಿಸುವ ಮೊದಲೇ ನಿರಿಗೆಯ ಲೆಕ್ಕ ಕರಾರುವಾಕ್ಕಾಗಿ ಮುಗಿದಿರಬೇಕು.

ಸ್ಕಾಟ್ಲೆಂಡಿನ ಮಲೆನಾಡಿಗರು ಮೊದಲು ಉಡುತ್ತಿದ್ದ ಉದ್ದನೆಯ ಉಡುಪಿಗೆ ಹೊಲಿಗೆಯೇ ಇರಲಿಲ್ಲ. ನಮ್ಮ ಹಿರಿಯರು ಕಚ್ಚೆ ಪಂಚೆಗೆ ದಿನವೂ ನಿರಿಗೆ ಹಿಡಿಯುತ್ತಿದ್ದಂತೆ, ಅವರೂ ಬಟ್ಟೆಯನ್ನು ಕೈಯಲ್ಲೇ ನಿರಿಗೆ ಮಾಡಿ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದರು. 1746ರಲ್ಲಿ ಬ್ರಿಟಿಷ್ ಸಂಸತ್ತು ಈ ಉಡುಪನ್ನು ಕಾನೂನಿನಿಂದ ನಿಷೇಧಿಸಿತು, 1782ರಲ್ಲಿ ಆ ನಿಷೇಧ ರದ್ದಾಯಿತು. ನಿರಿಗೆಯನ್ನು ಶಾಶ್ವತವಾಗಿ ಹೊಲಿದುಬಿಡುವ ಇಂದಿನ ಕಿಲ್ಟ್ ಬೆಳೆದು ಬಂದದ್ದು ಅದರ ನಂತರದ ದಿನಗಳಲ್ಲಿ.

ಬಟ್ಟೆ ಉಣ್ಣೆಯದೇ ಆಗಿರಬೇಕು, ತೂಕವೂ ಇರಬೇಕು. ಗಜಕ್ಕೆ 13ರಿಂದ 16 ಔನ್ಸ್, ಅಂದರೆ ಸುಮಾರು 370ರಿಂದ 450 ಗ್ರಾಂ ತೂಗುವ ಚೌಕಳಿ ಬಟ್ಟೆಯಲ್ಲಿ ಮಾತ್ರ ನಿರಿಗೆ ನೆಟ್ಟಗೆ ಇಳಿಬೀಳುತ್ತದೆ. ಚಳ್ಳಕೆರೆಯ ಕಂಬಳಿಯಿಂದ ಹೊಲಿಯಬಾರದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಆ ಕಂಬಳಿಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅಷ್ಟು ದಪ್ಪನೆಯ ನೇಯ್ಗೆಯನ್ನು ಇಪ್ಪತ್ತು ಚಿಲ್ಲರೆ ಬಾರಿ ಮಡಿಸಿದರೆ ಸೊಂಟದ ಹಿಂದೆ ಮೂಟೆ ಕಟ್ಟಿದಂತಾಗುತ್ತದೆ. ಅಗಲ ಪನ್ನದ ಬಟ್ಟೆ ಸಿಕ್ಕರೆ ಉದ್ದಕ್ಕೆ ಎರಡಾಗಿ ಸೀಳಿ ಜೋಡಿಸಿಕೊಳ್ಳಬಹುದು: 4 ಗಜ ತಂದರೆ 8 ಗಜವಾಗುತ್ತದೆ. ಜೋಡಣೆಯ ಗೆರೆ ನಿರಿಗೆಯ ಒಳಗೆ ಅಡಗುವಂತೆ ನೋಡಿಕೊಳ್ಳಬೇಕು. ಮಗ್ಗದ ಅಂಚನ್ನು ಕೆಳಗಡೆ ಇಟ್ಟುಕೊಂಡರೆ ಕೆಳತುದಿಯನ್ನು ಮಡಿಸಿ ಹೊಲಿಯುವ ಕೆಲಸವೇ ಇರುವುದಿಲ್ಲ.

ಇನ್ನು ಲೆಕ್ಕ. ಉಡುವವರ ಸೊಂಟ 30 ಇಂಚು, ನಿತಂಬ 36 ಇಂಚು, ಉದ್ದ ಮಂಡಿಯ ನಡುಭಾಗದವರೆಗೆ 24 ಇಂಚು ಎಂದುಕೊಳ್ಳೋಣ. ಸುತ್ತಳತೆಯ ಅರ್ಧ ಭಾಗ ಮುಂದಿನ ಸಪಾಟು ಪದರಕ್ಕೆ, ಉಳಿದರ್ಧ ಹಿಂದಿನ ನಿರಿಗೆಗಳಿಗೆ. ಹಿಂಭಾಗದಲ್ಲಿ 24 ನಿರಿಗೆ ಹಿಡಿದರೆ, ಹೊರಗೆ ಕಾಣುವ ಒಂದೊಂದು ನಿರಿಗೆಯ ಅಗಲ ನಿತಂಬದ ಮಟ್ಟದಲ್ಲಿ ಮುಕ್ಕಾಲು ಇಂಚು, ಸೊಂಟದಲ್ಲಿ 5/8 ಇಂಚು ಆಗುತ್ತದೆ. ಚೌಕಳಿಯ ವಿನ್ಯಾಸ 6 ಇಂಚಿಗೊಮ್ಮೆ ಮರುಕಳಿಸುವುದಾದರೆ, ಒಂದು ನಿರಿಗೆಗೆ 6 ಇಂಚಿನಂತೆ 24 ನಿರಿಗೆಗೆ 4 ಗಜ ಬೇಕು. ಒಂದರ ಮೇಲೊಂದು ಬರುವ ಎರಡು ಮುಂಪದರಗಳಿಗೆ, ಅವುಗಳ ಒಳಮಡಿಕೆಯೂ ಸೇರಿ, ಸುಮಾರು 2 ಗಜ. ಸಂಪ್ರದಾಯದಲ್ಲಿ 8 ಗಜದ ಮಾತು ಬಂದರೂ ತೆಳ್ಳಗಿನ ಹುಡುಗನಿಗೆ 6 ಗಜ ಸಾಕಾಯಿತು.

ನಿರಿಗೆ ಹಿಡಿಯುವುದರಲ್ಲಿ ಎರಡು ಪದ್ಧತಿಗಳಿವೆ. ಹಿಂದಿನಿಂದ ನೋಡಿದಾಗಲೂ ಇಡೀ ಚೌಕಳಿ ಮುರಿಯದೆ ಕಾಣುವಂತೆ ಹಿಡಿಯುವುದು ಒಂದು. ಪ್ರತಿ ನಿರಿಗೆಯ ನಡುವೆ ಒಂದೇ ಪಟ್ಟೆ ಬರುವಂತೆ ಹಿಡಿಯುವ ಸೈನಿಕರ ಪದ್ಧತಿ ಇನ್ನೊಂದು. ಹೊಸಬರು ಎರಡನೆಯದನ್ನೇ ಆರಿಸಿಕೊಳ್ಳುವುದು ಲೇಸು, ಏಕೆಂದರೆ ಪಟ್ಟೆ ನಡುಮಧ್ಯದಲ್ಲಿದೆಯೇ ಎಂದು ಕಣ್ಣಿನಲ್ಲೇ ತಿಳಿಯುತ್ತದೆ.

ಮೊದಲ ಸಲ ನಾನು ಸೀಮೆಸುಣ್ಣದ ಗುರುತನ್ನು ನಂಬಿ ಕೆಟ್ಟೆ. ಗೆರೆಯ ದಪ್ಪದಿಂದಾಗಿ ಪ್ರತಿ ನಿರಿಗೆಯೂ ಇಂಚಿನ ಹದಿನಾರನೇ ಒಂದು ಭಾಗದಷ್ಟು ಹಿಗ್ಗಿ, 24 ನಿರಿಗೆ ಮುಗಿಯುವ ಹೊತ್ತಿಗೆ ಒಂದೂವರೆ ಇಂಚು ಹೆಚ್ಚಾಗಿತ್ತು. ಒಂಬತ್ತು ದಿನದ ಹೊಲಿಗೆಯನ್ನು ಬಿಚ್ಚಬೇಕಾಯಿತು. ಈಗ ಗುರುತು ಹಾಕುವುದಕ್ಕೆ ಬಿಳಿ ದಾರದ ಎಳೆ ಬಳಸುತ್ತೇನೆ. ಪ್ರತಿ ಐದು ನಿರಿಗೆಗೊಮ್ಮೆ ಟೇಪು ಹಿಡಿದು ಅಳೆಯುತ್ತೇನೆ: ನಿತಂಬದಲ್ಲಿ 3¾ ಇಂಚು, ಸೊಂಟದಲ್ಲಿ 3⅛ ಇಂಚು ಬಂದರಷ್ಟೇ ಮುಂದಕ್ಕೆ ಹೋಗುತ್ತೇನೆ.

ಎಲ್ಲ ನಿರಿಗೆಗಳನ್ನೂ ಒಂದೇ ದಿಕ್ಕಿಗೆ ಮಡಿಸಿ, ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿಕೊಂಡ ಮೇಲೆ ನಿಜವಾದ ಹೊಲಿಗೆ ಆರಂಭವಾಗುತ್ತದೆ. ನಿತಂಬದಿಂದ ಸೊಂಟದವರೆಗೆ, ಅಂದರೆ ಉದ್ದದ ಮೂರನೇ ಒಂದು ಭಾಗದಷ್ಟು, ಸುಮಾರು 8 ಇಂಚು ಮಾತ್ರ ನಿರಿಗೆಯನ್ನು ಹೊಲಿಯಬೇಕು. ಅಲ್ಲಿಂದ ಕೆಳಗೆ ಅದು ಬಿಚ್ಚಿಕೊಂಡೇ ಇರಬೇಕು. ಬಟ್ಟೆಯ ಬಣ್ಣಕ್ಕೆ ಹೊಂದುವ ಒಂದೇ ಎಳೆಯ ದಾರದಿಂದ, ಮಡಿಕೆಯ ತುದಿಯ ಒಂದೆರಡು ನೂಲನ್ನಷ್ಟೇ ಸೂಜಿಯ ಮೊನೆಗೆ ಸಿಕ್ಕಿಸಿಕೊಂಡು, ಇಂಚಿಗೆ ಎಂಟರಿಂದ ಹತ್ತರಂತೆ ಹಾಕಿದರೆ ಹೊಲಿಗೆ ಹೊರಗೆ ಕಾಣುವುದಿಲ್ಲ. ದಾರವನ್ನು ಜಗ್ಗಿದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಸಡಿಲ ಬಿಟ್ಟರೆ ಕುಳಿತಾಗ ಬಾಯಿ ಬಿಡುತ್ತದೆ. ಉಣ್ಣೆಯ ಅಷ್ಟೂ ರಾಶಿ ತೊಡೆಯ ಮೇಲಿರುವುದರಿಂದ ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಈ ಕೆಲಸ ಆಗದು. ದೀಪಾವಳಿ ಕಳೆದ ಮೇಲೆ ಕೈಹಚ್ಚಿದರೆ ಅಂಗೈ ಬೆವರಿ ದಾರ ಮಾಸುವುದಿಲ್ಲ.

ನಂತರ ಒಳಭಾಗದಲ್ಲಿ ನಿರಿಗೆಗಳ ಭಾರ ಹೊರುವಂತೆ ಅಡ್ಡಲಾಗಿ ಗಟ್ಟಿ ದಾರದ ಸಾಲೊಂದನ್ನು ಹಾಕಿ, ಅದರ ಮೇಲ್ಗಡೆ ಒಳಗೆ ದಪ್ಪವಾಗಿ ಕೂತಿರುವ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕು. ಕತ್ತರಿ ಇಡುವಾಗ ಹೊರಮೈ ಸಿಕ್ಕಿಕೊಂಡಿಲ್ಲವೆಂದು ಪ್ರತಿ ಸಲವೂ ಬೆರಳಾಡಿಸಿ ನೋಡಿ. ಆ ಜಾಗಕ್ಕೆ ಕ್ಯಾನ್ವಾಸ್, ಅದರ ಮೇಲೆ ಹತ್ತಿಯ ಲೈನಿಂಗ್, ಮೇಲ್ತುದಿಗೆ ಅದೇ ಚೌಕಳಿಯ ಪಟ್ಟಿ. ಚರ್ಮದ ಬೆಲ್ಟು ಮತ್ತು ಬಕಲ್ ಬಲಗಡೆಗೆ ಎರಡು, ಎಡಗಡೆಗೆ ಒಂದು. ಒಳಪದರದ ಬೆಲ್ಟು ಎಡಗಡೆಯ ಸೀಳಿನಿಂದ ಹೊರಬಂದು ಬಕಲ್‌ಗೆ ಸೇರುತ್ತದೆ.

ಕೊನೆಯದು ಇಸ್ತ್ರಿ. ನಿರಿಗೆಗಳನ್ನು ಕೆಳತುದಿಯವರೆಗೂ ಪಟ್ಟೆಗೆ ಪಟ್ಟೆ ಹೊಂದಿಸಿ ಮತ್ತೊಮ್ಮೆ ಕಚ್ಚಾ ಹೊಲಿಗೆಯಿಂದ ಹಿಡಿದು, ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಎತ್ತಿ ಒತ್ತಬೇಕು. ರಾತ್ರಿಯಿಡೀ ಆರಲು ಬಿಟ್ಟು, ಮಾರನೆಯ ದಿನ ಕಚ್ಚಾ ದಾರವನ್ನು ತುಂಡುತುಂಡಾಗಿ ಕತ್ತರಿಸಿ ಎಳೆದುಬಿಡಿ. ಉದ್ದನೆಯ ಎಳೆಯನ್ನು ಒಂದೇ ಸಲಕ್ಕೆ ಜಗ್ಗಿದರೆ ಆಗತಾನೇ ಕೂತ ಮಡಿಕೆಯ ಮೇಲೆ ಗೆರೆ ಬೀಳುತ್ತದೆ.