ಹಳತಾಗದ ಕಾರ್ಟೂನ್ ಸ್ಟ್ರಿಪ್: ಐಡಿಯಾದಿಂದ ಅಚ್ಚಿನವರೆಗೆ

ಬೆಳಗಿನ ಸುದ್ದಿ ಸಂಜೆಗೆ ಹಳತು. ಅದೇ ಪುಟದ ಮೂಲೆಯ ಕಾರ್ಟೂನನ್ನು ಮಾತ್ರ ಜನ ಕತ್ತರಿಸಿ ಬೀರುವಿನ ಬಾಗಿಲಿಗೋ ಅಂಗಡಿಯ ಗಲ್ಲಾಪೆಟ್ಟಿಗೆಗೋ ಅಂಟಿಸಿಕೊಳ್ಳುತ್ತಾರೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಮಹಾರಾಜ ಕಾಲೇಜಿನಲ್ಲಿ ಓದುವಾಗಲೇ ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದವರು. 1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ‘ಯು ಸೆಡ್ ಇಟ್’ ಶುರುಮಾಡಿ ಐದು ದಶಕ ನಡೆಸಿದರು. ಆ ಕಾಲದ ಎಷ್ಟೋ ಮಂತ್ರಿಗಳ ಹೆಸರು ಇವತ್ತು ಯಾರ ನಾಲಿಗೆಯ ಮೇಲೂ ಇಲ್ಲ. ಬೆಲೆ ಏರಿಕೆ, ರಸ್ತೆ ಗುಂಡಿ, ಚುನಾವಣೆಯ ಭರವಸೆ ಕುರಿತು ಬರೆದ ಚಿತ್ರಗಳು ಈಗಲೂ ನಗಿಸುತ್ತವೆ. ಸುದ್ದಿಯನ್ನು ಹಿಡಿದು ಬರೆದದ್ದು ಸುದ್ದಿಯ ಜೊತೆಗೇ ಹೋಗುತ್ತದೆ. ಚಾಳಿಯನ್ನು ಹಿಡಿದು ಬರೆದದ್ದು ಆ ಚಾಳಿ ಇರುವವರೆಗೂ ಉಳಿಯುತ್ತದೆ. ಮುಂದೆ ಹೇಳುವ ಕೆಲಸವೆಲ್ಲ ಇದೊಂದನ್ನು ಕೈಗೆ ತಂದುಕೊಳ್ಳುವುದಕ್ಕೆ.

ಇಲ್ಲಿರುವ ಅಳತೆಗಳು ಮೂರು ಚೌಕದ ಸ್ಟ್ರಿಪ್ಪಿನವು. ಪ್ರಜಾವಾಣಿಯ ‘ಚಿನಕುರಳಿ’ಯಂಥ ಒಂದೇ ಚೌಕದ ಪಾಕೆಟ್ ಕಾರ್ಟೂನಿಗೆ ಅಳತೆ ಬೇರೆ, ಉಳಿದದ್ದೆಲ್ಲ ಇದೇ.

ಸುದ್ದಿಯಿಂದ ಚಾಳಿಯನ್ನು ಬಿಡಿಸಿಕೊಳ್ಳುವುದು

ದಿನದ ಪತ್ರಿಕೆ ಓದಿ, ಕೆಣಕಿದ ಸುದ್ದಿಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಆಮೇಲೆ ಅದರಲ್ಲಿರುವ ವ್ಯಕ್ತಿಯ ಹೆಸರು, ಯೋಜನೆಯ ಹೆಸರು, ತಾರೀಖು, ಮೊತ್ತ ಎಲ್ಲವನ್ನೂ ಹೊಡೆದುಹಾಕಿ. ಉಳಿದ ವಾಕ್ಯ ನಿಮ್ಮ ತಾತನ ಕಾಲದವರಿಗೂ ಅರ್ಥವಾಗುವಂತಿದ್ದರೆ ಅದು ಸ್ಟ್ರಿಪ್ಪಿನ ವಸ್ತು. ಏನೂ ಉಳಿಯದಿದ್ದರೆ ಅದು ಬರೀ ಸುದ್ದಿ, ಬಿಟ್ಟುಬಿಡಿ. ದಿನಕ್ಕೆ ಐದು ಇಂಥ ವಾಕ್ಯ ಬರೆದರೆ ಒಂದು ಉಳಿಯುತ್ತದೆ. ಇದು ಕಡಿಮೆಯೇನಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಸುದ್ದಿ: ನಾಡಕಚೇರಿಯಲ್ಲಿ ಸರ್ವರ್ ಕೆಟ್ಟು, ಪಹಣಿಗೆ ಬಂದ ಜನ ನಾಲ್ಕು ದಿನದಿಂದ ವಾಪಸ್ ಹೋಗುತ್ತಿದ್ದಾರೆ. ಹೊಡೆದುಹಾಕಿದ ಮೇಲೆ ಉಳಿಯುವುದು: ‘ಕೆಲಸಕ್ಕೆ ಬಂದವರನ್ನು ನಾಳೆ ಬನ್ನಿ ಎಂದು ಕಳಿಸುತ್ತಾರೆ.’ ಕಂಪ್ಯೂಟರ್ ಬರುವ ಮೊದಲು ಸಾಹೇಬರು ಮೀಟಿಂಗಿನಲ್ಲಿರುತ್ತಿದ್ದರು, ಈಗ ಸರ್ವರ್ ಡೌನ್ ಆಗಿರುತ್ತದೆ. ನೆಪ ಬದಲಾಗಿದೆ, ‘ನಾಳೆ ಬನ್ನಿ’ ಹಾಗೇ ಇದೆ. ಆದ್ದರಿಂದ ನಗುವಿನ ಭಾರವನ್ನು ‘ಸರ್ವರ್’ ಎಂಬ ಪದದ ಮೇಲಲ್ಲ, ‘ನಾಳೆ ಬನ್ನಿ’ಯ ಮೇಲೆ ಹೊರಿಸಬೇಕು.

ಇನ್ನು ಈ ಮಾತಿಗೆ ಡಿಕ್ಕಿ ಹೊಡೆಯುವ ಮತ್ತೊಂದು ವಸ್ತುವನ್ನು ಹುಡುಕಿ. ಓದುಗರಿಗೆ ಮೊದಲೇ ಗೊತ್ತಿರುವಂಥದ್ದೇ ಆಗಬೇಕು. ದೆವ್ವ ಒಳಗೆ ಬಾರದಿರಲಿ ಎಂದು ಬಾಗಿಲ ಮೇಲೆ ‘ನಾಳೆ ಬಾ’ ಬರೆಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸ್ಟ್ರಿಪ್ ತಾನಾಗಿ ನಿಲ್ಲುತ್ತದೆ.

ಒಂದನೇ ಚೌಕ: ಹಳ್ಳಿ ಮನೆಯ ಬಾಗಿಲು, ಅದರ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’. ಮೊಮ್ಮಗಳು: ‘ಅಜ್ಜ, ಇದ್ಯಾಕೆ ಬರ್ದಿರೋದು?’ ಅಜ್ಜ: ‘ದೆವ್ವ ಓದ್ಕೊಂಡು ವಾಪಸ್ ಹೋಗ್ಲಿ ಅಂತ.’

ಎರಡನೇ ಚೌಕ: ಕಚೇರಿಯ ಕಿಟಕಿ, ಉದ್ದ ಸಾಲು. ಬೋರ್ಡಿನಲ್ಲಿ ‘ಸರ್ವರ್ ಡೌನ್. ನಾಳೆ ಬನ್ನಿ.’ ಯಾರೂ ಮಾತಾಡುವುದಿಲ್ಲ.

ಮೂರನೇ ಚೌಕ: ಮೊಮ್ಮಗಳು: ‘ಅಜ್ಜ, ನಾವು ದೆವ್ವಾನಾ?’

ಬೋರ್ಡು, ಬಾಗಿಲ ಬರಹ ಸೇರಿ ಒಟ್ಟು 17 ಪದ. ಕನ್ನಡದ ಮೂರು ಚೌಕಕ್ಕೆ 25 ಪದ ಗರಿಷ್ಠ ಎಂದಿಟ್ಟುಕೊಳ್ಳಿ. ಹೊಸಬರು ಎರಡನೇ ಚೌಕದಲ್ಲಿ ಗುಮಾಸ್ತರ ಬಾಯಿಗೂ ಒಂದು ಮಾತು ತುರುಕುತ್ತಾರೆ. ಆ ಮೌನವನ್ನು ಮುಟ್ಟಬೇಡಿ. ಎರಡು ‘ನಾಳೆ’ಗಳನ್ನು ಓದುಗ ತಾನೇ ಜೋಡಿಸಿಕೊಳ್ಳುವುದು ಅಲ್ಲೇ. ಇನ್ನೊಂದು ದೊಡ್ಡ ತಪ್ಪೆಂದರೆ ಕೊನೆಯ ಚೌಕದಲ್ಲಿ ವಿವರಣೆ: ‘ಅಧಿಕಾರಿಗಳು ನಮ್ಮನ್ನು ದೆವ್ವದ ಹಾಗೆ ಕಾಣ್ತಾರೆ’ ಎಂದು ಅಜ್ಜನಿಂದ ಹೇಳಿಸಿದರೆ ನಗು ಅಲ್ಲಿಗೇ ಮುಗಿಯಿತು. ಕೊನೆಯ ಮಾತಿನಲ್ಲಿ ನಗಿಸುವ ಪದ ಕಟ್ಟಕಡೆಗೆ ಬರಬೇಕು. ‘ನಾವು ದೆವ್ವಾನಾ ಅಜ್ಜ?’ ಎಂದರೆ ‘ಅಜ್ಜ’ ಬಂದು ಪೆಟ್ಟನ್ನು ತಗ್ಗಿಸುತ್ತದೆ. ಕ್ರಿಯಾಪದ, ಪ್ರಶ್ನಾರ್ಥಕ ಕೊನೆಗೆ ಬರುವ ನಮ್ಮ ವಾಕ್ಯರಚನೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಬಳಸಿಕೊಳ್ಳಿ.

ಪಾತ್ರಗಳು

ಮೂರೋ ನಾಲ್ಕೋ ಸಾಕು. ಲಕ್ಷ್ಮಣ್ ಮೊದಮೊದಲು ಬೇರೆ ಬೇರೆ ರಾಜ್ಯದವರನ್ನೆಲ್ಲ ಚಿತ್ರದೊಳಗೆ ತರಲು ನೋಡಿದ್ದರು. ದಿನಾ ಗಡುವಿನೊಳಗೆ ಅಷ್ಟು ಜನರನ್ನು ಬರೆಯಲಾಗದೆ ಕಡಿಮೆ ಮಾಡುತ್ತಾ ಬಂದರು, ಕಡೆಗೆ ಉಳಿದದ್ದು ಧೋತರ, ಚೌಕಳಿ ಕೋಟು, ಕನ್ನಡಕದ ಒಬ್ಬನೇ ಶ್ರೀಸಾಮಾನ್ಯ. ಆತ ಮಾತಾಡುವುದಿಲ್ಲ. ಸುಮ್ಮನೆ ನೋಡುವ ಪಾತ್ರ ಒಂದಿದ್ದರೆ ಓದುಗ ಅದರೊಳಗೆ ತನ್ನನ್ನೇ ಕೂರಿಸಿಕೊಳ್ಳುತ್ತಾನೆ. ನಿಮ್ಮ ಸ್ಟ್ರಿಪ್ಪಿನಲ್ಲೂ ಅಂಥವರೊಬ್ಬರಿರಲಿ.

ಪ್ರತಿ ಪಾತ್ರಕ್ಕೂ ಒಂದು ಆಸೆ, ತನಗೇ ಕಾಣದ ಒಂದು ದೋಷ ಗೊತ್ತುಮಾಡಿ. ಆಮೇಲೆ ಒಂದು ಹಾಳೆಯಲ್ಲಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಕೂತಾಗ, ನಡೆವಾಗ ಬರೆದು ಮೇಜಿನ ಎದುರು ಅಂಟಿಸಿಕೊಳ್ಳಿ. ಎತ್ತರ ತಲೆಯ ಮೂರೂವರೆ ಪಟ್ಟು ಇದ್ದರೆ ಮುಖಭಾವಕ್ಕೆ ಜಾಗ ಸಿಗುತ್ತದೆ. ಐದು ಪಟ್ಟು ಆಯಿತೋ, ಅಚ್ಚಿನಲ್ಲಿ ಮುಖ ಕಡಲೆಕಾಳಿನಷ್ಟಾಗುತ್ತದೆ. ಪಾತ್ರವನ್ನು ಪೂರ್ತಿ ಕಪ್ಪು ತುಂಬಿ ನೋಡಿ. ನೆರಳಿನಲ್ಲೇ ಇಂಥವರು ಎಂದು ತಿಳಿಯದಿದ್ದರೆ ಕೂದಲು, ಟೋಪಿ, ಬೆನ್ನು ಏನನ್ನಾದರೂ ಬದಲಿಸಿ.

ಪಾತ್ರಗಳಿಗೆ ವಯಸ್ಸಾಗುತ್ತದೆಯೇ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಶ್ರೀಸಾಮಾನ್ಯನಿಗೆ ಕೊನೆಯವರೆಗೂ ವಯಸ್ಸಾಗಲಿಲ್ಲ. ಅಮೆರಿಕದ ಗ್ಯಾರಿ ಟ್ರುಡೋ 1970ರಲ್ಲಿ ಆರಂಭಿಸಿದ ‘ಡೂನ್ಸ್‌ಬರಿ’ 1975ರಲ್ಲಿ ಪುಲಿಟ್ಜರ್ ಪಡೆಯಿತು. ಆ ಪ್ರಶಸ್ತಿ ಪಡೆದ ಮೊದಲ ದೈನಿಕ ಸ್ಟ್ರಿಪ್ ಅದು. 1983–84ರ ಬಿಡುವಿನ ನಂತರ ಅದರ ಕಾಲೇಜು ಹುಡುಗರು ಓದು ಮುಗಿಸಿ, ಓದುಗರ ಜೊತೆಜೊತೆಗೇ ವಯಸ್ಸಾಗುತ್ತಾ ಹೋದರು. ಎರಡು ದಾರಿಯೂ ಒಳ್ಳೆಯದೇ, ನಡುದಾರಿ ಮಾತ್ರ ಬೇಡ.

ಹಾಳೆ, ಅಳತೆ, ಗೆರೆ

ಪತ್ರಿಕೆಯವರು ಕೊಡುವ ಜಾಗವನ್ನು ಸೆಂಟಿಮೀಟರಿನಲ್ಲೇ ಕೇಳಿ ತಿಳಿದುಕೊಳ್ಳಿ, ‘ನಾಲ್ಕು ಕಾಲಂ’ ಎಂದರೆ ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಅಚ್ಚಿನಲ್ಲಿ 16 × 5 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಅದರ ಎರಡರಷ್ಟು, ಅಂದರೆ 32 × 10 ಸೆಂ.ಮೀ. ಬರೆಯಿರಿ: 10.2 ಸೆಂ.ಮೀ.ನ ಮೂರು ಚೌಕ, ನಡುವೆ 7 ಮಿ.ಮೀ.ನ ಎರಡು ಸಂದು. ಎ3 ಹಾಳೆಯಲ್ಲಿ ಎರಡು ಸ್ಟ್ರಿಪ್ ಹಿಡಿಯುತ್ತವೆ. ನುಣುಪಾದ ದಪ್ಪ ಡ್ರಾಯಿಂಗ್ ಹಾಳೆ ತನ್ನಿ, ತರಿ ಇದ್ದರೆ ನಿಬ್ ಸಿಕ್ಕಿಕೊಂಡು ಶಾಯಿ ಸಿಡಿಯುತ್ತದೆ.

ಅರ್ಧಕ್ಕೆ ಇಳಿದಾಗ ಗೆರೆಯೂ ಅರ್ಧವಾಗುತ್ತದೆ. 0.4 ಮಿ.ಮೀ.ಗಿಂತ ಸಣ್ಣ ಪೆನ್ನು ಬಳಸಿದರೆ ನ್ಯೂಸ್‌ಪ್ರಿಂಟ್ ಮೇಲೆ ಗೆರೆ ಅಲ್ಲಲ್ಲಿ ಮಾಯ. ಹೊರಗೆರೆಗೆ 0.8, ಹಿನ್ನೆಲೆಗೆ 0.4 ಅಥವಾ 0.5 ಇರಲಿ. ಜಿ-ನಿಬ್ (ಶಾಯಿಯಲ್ಲಿ ಅದ್ದಿ ಬರೆಯುವ ನಿಬ್) ಅಥವಾ 2ನೇ ನಂಬರಿನ ದುಂಡು ಬ್ರಷ್ ಪಳಗಿದರೆ ಒಂದೇ ಗೆರೆ ದಪ್ಪ-ಸಣ್ಣವಾಗಿ ಜೀವ ಬರುತ್ತದೆ. ಅಡ್ಡಗೆರೆ ಎಳೆದು ನೆರಳು ತುಂಬುವಾಗ ಗೆರೆಗಳ ನಡುವೆ 1 ಮಿ.ಮೀ. ಬಿಡಿ. ಅಚ್ಚಿನ ಶಾಯಿ ಹರಡುವ ಕಾಗದ ಅದು, ಹತ್ತಿರ ಎಳೆದದ್ದೆಲ್ಲ ಒಂದೇ ಕಪ್ಪು ಮುದ್ದೆಯಾಗುತ್ತದೆ. ಶಾಯಿ ನೀರಿಗೆ ಕರಗದ್ದಾಗಿರಲಿ. ಇಪ್ಪತ್ತು ನಿಮಿಷ ಒಣಗಿದ ಮೇಲೆ ಪೆನ್ಸಿಲ್ ಅಳಿಸಿ, ಅವಸರ ಮಾಡಿದರೆ ಮುಖದ ಮೇಲೇ ಮಸಿ ಎಳೆಯುತ್ತದೆ.

ಮಾತಿನ ಗುಳ್ಳೆ: ಕನ್ನಡದ ಕಷ್ಟ ಇಲ್ಲೇ ಇರುವುದು

ಇಂಗ್ಲಿಷ್ ಕಾಮಿಕ್ಸಿನ ಕೈಪಿಡಿಗಳ ಅಳತೆ ನಮಗೆ ಹೊಂದುವುದಿಲ್ಲ. ಅವರ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ‘ರಾಷ್ಟ್ರ’ದಂಥ ಪದದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ಅಕ್ಷರದ ಮೈ ಮೂಲದಲ್ಲಿ 4 ಮಿ.ಮೀ. ಇದ್ದರೆ ಸಾಲಿನಿಂದ ಸಾಲಿಗೆ 10 ಮಿ.ಮೀ. ಬೇಕು. ಅಂದರೆ 10 ಸೆಂ.ಮೀ. ಎತ್ತರದ ಚೌಕದಲ್ಲಿ ಮೂರು ಸಾಲು ಮಾತು ಬಂದರೆ ಮೂರನೇ ಒಂದು ಭಾಗ ಹೋಯಿತು. ನಾಲ್ಕನೇ ಸಾಲು ಬಂತೆಂದರೆ ಪಾತ್ರಗಳ ತಲೆ ಕತ್ತರಿಸಬೇಕಾಗುತ್ತದೆ. ಹಾಗಾಗಿ ಮೊದಲು ಅಕ್ಷರ ಬರೆಯಿರಿ, ಅದರ ಸುತ್ತ ಗುಳ್ಳೆ ಎಳೆಯಿರಿ, ಉಳಿದ ಜಾಗದಲ್ಲಿ ಚಿತ್ರ. ಗುಳ್ಳೆ ಮೊದಲು ಎಳೆದವರು ಕೊನೆಯ ಪದವನ್ನು ಅಂಚಿಗೆ ಹಿಂಡುತ್ತಾರೆ.

ಗ್ರಾಂಥಿಕ ರೂಪ ಅಡ್ಡಡ್ಡ ಬೆಳೆಯುತ್ತದೆ: ‘ಹೋಗಿಬಿಟ್ಟಿದ್ದಾರೆ’. ಆಡುಮಾತು ಗಿಡ್ಡವಾದರೂ ಒತ್ತು ಹೆಚ್ಚುತ್ತದೆ: ‘ಹೋಗ್ಬಿಟ್ಟಿದ್ದಾರೆ’. ಎರಡೂ ಹಿಡಿಸದಿದ್ದರೆ ಪದವನ್ನೇ ಬದಲಿಸಿ: ‘ಹೋದ್ರು’. ಪದವನ್ನು ಎರಡು ಸಾಲಿಗೆ ಮುರಿಯಬೇಡಿ. ಶಾಯಿ ತುಂಬಿಕೊಂಡಾಗ ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳ ಮೇಲೆ ಕಣ್ಣಿರಲಿ: ‘ಪ’ಕ್ಕೂ ‘ಷ’ಕ್ಕೂ ಒಳಗಿನ ಗೀಟೊಂದೇ ವ್ಯತ್ಯಾಸ, ‘ದ’ಕ್ಕೂ ‘ಧ’ಕ್ಕೂ ಕೆಳಗಿನ ಸೀಳು, ‘ಥ’ದ ಹೊಟ್ಟೆಯೊಳಗೊಂದು ಚುಕ್ಕೆ. ಇವುಗಳ ಒಳಜಾಗವನ್ನು ಬೇಕೆಂದೇ ಸ್ವಲ್ಪ ಅಗಲ ಬರೆಯಿರಿ.

ಮೊದಲು ಮಾತಾಡುವವರು ಎಡಕ್ಕೆ. ಮೇಲಿನ ಉದಾಹರಣೆಯಲ್ಲಿ ಮೊಮ್ಮಗಳು ಎಡಗಡೆ, ಅಜ್ಜ ಬಲಗಡೆ. ಆಕೆ ಬಲಗಡೆಯೇ ಇರಬೇಕಾದರೆ ಆಕೆಯ ಗುಳ್ಳೆ ಅಜ್ಜನದಕ್ಕಿಂತ ಮೇಲಿರಬೇಕು, ಇಲ್ಲವಾದರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಓದಿಸಿಕೊಳ್ಳುತ್ತದೆ. ಗುಳ್ಳೆಯ ಬಾಲ ಬಾಯಿಯ ಕಡೆಗೆ ತಿರುಗಿರಲಿ, ಬಾಯಿಗೆ ತಾಗುವುದು ಬೇಡ.

ಟೈಪ್ ಮಾಡಿ ಸೇರಿಸುವುದಾದರೆ, ಪುಟ ಕಟ್ಟುವ ತಂತ್ರಾಂಶದಲ್ಲಿ ಭಾರತೀಯ ಲಿಪಿಯ ಕಂಪೋಸರ್ ಆನ್ ಆಗಿರಬೇಕು, ಇಲ್ಲದಿದ್ದರೆ ಯೂನಿಕೋಡ್ ಒತ್ತಕ್ಷರಗಳು ಬಿಚ್ಚಿಕೊಂಡು ಪಕ್ಕಪಕ್ಕ ನಿಲ್ಲುತ್ತವೆ. ಯೂನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಫಾಂಟ್ ಪತ್ರಿಕೆಯವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಇಡೀ ಮಾತು ಇಂಗ್ಲಿಷ್ ಅಕ್ಷರದ ಗೊಂಡಾರಣ್ಯ. ಕಳಿಸುವ ಮುನ್ನ ಅಕ್ಷರಗಳನ್ನು ಔಟ್‌ಲೈನಿಗೆ, ಅಂದರೆ ಫಾಂಟ್ ಬೇಡದ ಚಿತ್ರದ ಗೆರೆಗಳಿಗೆ, ಪರಿವರ್ತಿಸಿಬಿಡಿ.

ಸ್ಕ್ಯಾನ್, ಕಡತ, ಅಚ್ಚು

600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಅರ್ಧಕ್ಕೆ ಇಳಿಸಿದಾಗ ಅದು 1200 ಆಗುತ್ತದೆ, ಗೆರೆಚಿತ್ರಕ್ಕೆ ಸರಿಯಾದ ಮಟ್ಟ. ಟಿಫ್ ಆಗಿ ಉಳಿಸಿ. ಜೆಪೆಗ್ ಆದರೆ ಗೆರೆಯ ಸುತ್ತ ಬೂದು ಕಸ ಏಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಲೇಬೇಕಾದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಬೂದು ಬಣ್ಣ ಬೇಕಿದ್ದರೆ ಶೇ 15ರಿಂದ 30ರೊಳಗೆ ಇರಲಿ, ನ್ಯೂಸ್‌ಪ್ರಿಂಟಿನಲ್ಲಿ ಚುಕ್ಕೆ ಊದಿ ಶೇ 50ರ ಬೂದು ಮುಕ್ಕಾಲು ಕಪ್ಪಾಗಿಬಿಡುತ್ತದೆ. ಬಣ್ಣದ ಸ್ಟ್ರಿಪ್ಪಿನಲ್ಲಿ ಗೆರೆ ಮತ್ತು ಅಕ್ಷರ ಬರೀ ಕಪ್ಪು ಪ್ಲೇಟಿನಲ್ಲೇ ಬರಬೇಕು. ನಾಲ್ಕೂ ಬಣ್ಣ ಬೆರೆಸಿದ ಕಪ್ಪಾದರೆ, ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರಕ್ಕೆ ಕೆಂಪು-ನೀಲಿ ನೆರಳು ಬಂದು ಓದಲಾಗುವುದಿಲ್ಲ.

ಯಾರನ್ನು ಚುಚ್ಚಬೇಕು, ಎಲ್ಲಿ ನಿಲ್ಲಬೇಕು

ಅಧಿಕಾರದಲ್ಲಿರುವವರ ನಡೆಯನ್ನು ಚುಚ್ಚಿ. ಬಣ್ಣ, ಮೈಕಟ್ಟು, ಅಂಗವೈಕಲ್ಯ, ಜಾತಿಗಳನ್ನು ಹಿಡಿದು ನಗಿಸುವುದು ಅನ್ಯಾಯ. ಹತ್ತು ವರ್ಷದ ಮೇಲೆ ಅಂಥ ಸ್ಟ್ರಿಪ್ ನೋಡಿದವರು ನಾಚಿಕೆಪಡುತ್ತಾರೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಅಪರಾಧ. ಹೆಸರು ಹಿಡಿದು ಬರೆದಾಗ ಅದಕ್ಕೆ ಆಧಾರವಾದ ಸುದ್ದಿಯ ತುಂಡನ್ನು ಜೋಪಾನವಾಗಿಡಿ.

ಮುಖವನ್ನೇ ಬರೆಯದೆ ವ್ಯಕ್ತಿಯನ್ನು ಕಾಣಿಸುವ ಬಗೆಯೂ ಇದೆ. 1953ರಲ್ಲಿ ಅಮೆರಿಕದ ವಾಲ್ಟ್ ಕೆಲ್ಲಿ ತಮ್ಮ ‘ಪೋಗೊ’ ಸ್ಟ್ರಿಪ್ಪಿನಲ್ಲಿ, ಕಂಡಕಂಡವರನ್ನು ಕಮ್ಯುನಿಸ್ಟ್ ಎಂದು ದೂರುತ್ತಿದ್ದ ಸೆನೆಟರ್ ಮೆಕಾರ್ಥಿಯನ್ನು ಕಾಡುಬೆಕ್ಕಾಗಿ ತಂದರು. ಆ ಮುಖ ಮತ್ತೆ ಕಂಡರೆ ಸ್ಟ್ರಿಪ್ ನಿಲ್ಲಿಸುತ್ತೇವೆ ಎಂದು ಪ್ರಾವಿಡೆನ್ಸ್ ಊರಿನ ಪತ್ರಿಕೆಯೊಂದು ಎಚ್ಚರಿಸಿದಾಗ ಕೆಲ್ಲಿ ಅದರ ತಲೆಗೆ ಚೀಲ ಹಾಕಿ ಬರೆದರು. ನಿಲುವು, ಮಾತಿನ ಧಾಟಿ ಮೊದಲೇ ಪಳಗಿದ್ದರೆ ಚೀಲದೊಳಗಿರುವವರು ಯಾರೆಂದು ಓದುಗರಿಗೆ ಯಾರೂ ಹೇಳಬೇಕಿಲ್ಲ.

ಕಳಿಸುವ ಮುಂಚೆ, ಕಳಿಸಿದ ಮೇಲೆ

ಶುರುವಾಗುವ ಮುನ್ನ ಹದಿನಾಲ್ಕು ಸ್ಟ್ರಿಪ್ ಕೈಯಲ್ಲಿರಲಿ, ಅವುಗಳಲ್ಲಿ ಹತ್ತಾದರೂ ಯಾವ ತಾರೀಖಿಗೂ ಅಂಟದವು. ಜ್ವರ ಬಂದ ದಿನ ಇವೇ ಕಾಪಾಡುವುದು. ಪ್ರತಿಯೊಂದನ್ನೂ ಆ ದಿನ ಪತ್ರಿಕೆ ಓದದ ಒಬ್ಬರ ಕೈಗೆ ಕೊಡಿ, ನೀವು ಬಾಯಿ ಬಿಡಬೇಡಿ. ‘ಇದ್ಯಾವುದರ ಬಗ್ಗೆ?’ ಎಂದು ಕೇಳಿದರೆ ಒಂದನೇ ಚೌಕ ಸಾಲದು. ಎರಡನೇ ಚೌಕದಲ್ಲೇ ನಕ್ಕರೆ ಮೂರನೆಯದು ಬೇಡವಾಗಿದೆ. ‘ಚೆನ್ನಾಗಿದೆ’ ಎಂದು ನಗದೆ ವಾಪಸ್ ಕೊಟ್ಟರೆ ಕೊನೆಯ ಮಾತನ್ನು ಮತ್ತೆ ಬರೆಯಿರಿ.

ಅಚ್ಚಾದ ಪ್ರತಿಯನ್ನು ಮೂಲದ ಪಕ್ಕ ಇಟ್ಟು ಯಾವ ಗೆರೆ ಕಳೆದುಹೋಯಿತು, ಯಾವ ಅಕ್ಷರ ತುಂಬಿಕೊಂಡಿತು ಎಂದು ಗುರುತುಹಾಕಿಕೊಳ್ಳಿ. ಒಂದು ತಿಂಗಳು ಹೀಗೆ ಮಾಡಿದರೆ ಆ ಮುದ್ರಣಾಲಯದ ಗುಣ ಕೈಗೆ ಹತ್ತುತ್ತದೆ. ಮೂಲಚಿತ್ರಗಳನ್ನು ಆಮ್ಲರಹಿತ ಹಾಳೆಯ ನಡುವೆ ಮಲಗಿಸಿಡಿ. ಪತ್ರಿಕೆಯ ತುಂಡನ್ನು ಅದರ ಜೊತೆ ಇಡಬೇಡಿ, ನ್ಯೂಸ್‌ಪ್ರಿಂಟಿನ ಆಮ್ಲ ಮೂಲಕ್ಕೂ ಹಳದಿ ಹತ್ತಿಸುತ್ತದೆ. ಮೂಲಗಳು ಗೋಡೆಯ ಮೇಲೆ ಹೇಗಿರುತ್ತವೆ ಎಂದು ಕಾಣಬೇಕಿದ್ದರೆ ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ ಮಿಡ್‌ಫೋರ್ಡ್ ಹೌಸ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ಪ್ರತಿ ಹಾಳೆಯ ಹಿಂದೆ, ಪೆನ್ನಿನಲ್ಲಲ್ಲ, ಮೆತ್ತನೆಯ ಪೆನ್ಸಿಲಿನಲ್ಲಿ, ಅಚ್ಚಾದ ತಾರೀಖನ್ನೂ ಮೊದಲ ದಿನ ನೀವು ಹೊಡೆದುಹಾಕಿದ ಆ ಹೆಸರು, ಮೊತ್ತ, ಯೋಜನೆಗಳನ್ನೂ ಎರಡು ಸಾಲಿನಲ್ಲಿ ಬರೆದಿಡಿ.